ಬಂಪರಿನಲ್ಲಿ ಊರು ಕಾಣದವರಿಗೆ

ಚಿತ್ರಕಲೆಯ ಬಗ್ಗೆ ತಿಳಿದು ಮಾತಾಡುವವರೆಂದು ಹೆಸರಾದ ನಮ್ಮ ಜನರಲ್ಲಿ ಒಂದು ತೀರ್ಪು ಬಹಳ ದಿನಗಳಿಂದ ಬೇರುಬಿಟ್ಟಿದೆ. ಯಾರಾದರೂ ಹಳೆಯ ಕಾರೊಂದನ್ನು, ಅದೂ ಪೇಸ್ಟಲ್‌ ಕಡ್ಡಿಯಲ್ಲಿ, ಇದ್ದದ್ದು ಇದ್ದಹಾಗೆ ಚಿತ್ರಿಸಿ ಮುಂದಿಟ್ಟರೆ ಸಾಕು, ಆ ತೀರ್ಪು ತಾನಾಗಿ ಹೊರಬೀಳುತ್ತದೆ: “ಕೈ ಚಲೋ ಐತಿ ತಮ್ಮಾ, ಆದರ ಇದು ಕಲಾ ಅಲ್ಲ.” ಹೇಳುವವರು ಬೈಯುವ ದನಿಯಲ್ಲಿ ಹೇಳುವುದಿಲ್ಲ, ಬೆನ್ನು ತಟ್ಟುತ್ತಲೇ ಹೇಳುತ್ತಾರೆ. ಬೈಗುಳಕ್ಕೆ ಎದುರಾಡಬಹುದು, ಬೆನ್ನು ತಟ್ಟಿದ ಕೈಗೆ ಏನು ಹೇಳುವುದು? ಹೀಗಾಗಿ ಈ ಮಾತಿಗೆ ಇಲ್ಲಿಯವರೆಗೆ ಉತ್ತರ ಕೊಟ್ಟವರು ಕಡಿಮೆ. ಉತ್ತರ ಕೊಡಲೇಬೇಕಾದ ಮಾತಿದು. ಏಕೆಂದರೆ ಇದು ಬರೀ ತಪ್ಪು ಅಭಿಪ್ರಾಯವಲ್ಲ, ಹಳ್ಳಿಯ ಚಿತ್ರಗಾರರ ಕಣ್ಣಿಗೆ ಕಟ್ಟಿದ ಪಟ್ಟಿ.

ಒಂದು ಹಳ್ಳಿಯನ್ನೇ ತೆಗೆದುಕೊಳ್ಳಿ: ರಾಜೂರ, ಗದಗ ಜಿಲ್ಲೆಯಲ್ಲಿ ಗಜೇಂದ್ರಗಡದ ಮಗ್ಗುಲಿನ ಊರು. ಮೊದಲು ರೋಣ ತಾಲ್ಲೂಕಿಗೆ ಸೇರಿತ್ತು, ಈಗ ಗಜೇಂದ್ರಗಡವೇ ತಾಲ್ಲೂಕಾಗಿದೆ. ಒಂದು ಕಡೆ ಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ. ಕೆಳಗೆ ಕೆಂಪು ಮಸಾರಿ ನೆಲ, ಮುಂದೆ ಹೋದಂತೆ ಕಪ್ಪು ಎರಿ. ಇಂಥ ಊರಿನ ಹುಡುಗ ಸ್ಪರ್ಧೆಗೋ ಪ್ರದರ್ಶನಕ್ಕೋ ಅಂಬಾಸಡರ್‌ ಕಾರಿನ ಪೇಸ್ಟಲ್‌ ಚಿತ್ರ ಒಯ್ದರೆ ನಾಲ್ಕು ಆರೋಪ ಹೊತ್ತುಕೊಂಡು ಮರಳಬೇಕು. ಒಂದು, ಇದು ಫೋಟೋದ ನಕಲು. ಎರಡು, ಪೇಸ್ಟಲ್‌ ಮಕ್ಕಳ ಬಣ್ಣ. ಮೂರು, ಕಾರು ಶ್ರೀಮಂತರ ವಸ್ತು, ಹಳ್ಳಿಯವನು ಹಳ್ಳಿಯದನ್ನೇ ಬರೆಯಬೇಕು. ನಾಲ್ಕು, ಹುಬೇಹೂಬು ಚಿತ್ರದ ಕಾಲ ಮುಗಿಯಿತು. ನಾಲ್ಕೂ ಆರೋಪ ಸುಳ್ಳು ಎಂಬುದು ನನ್ನ ವಾದ. ಒಂದೊಂದಾಗಿ ನೋಡೋಣ.

ನಕಲು ಎನ್ನುವವರು ಒಮ್ಮೆ ಕಡ್ಡಿ ಹಿಡಿದು ಅಂಬಾಸಡರಿನ ಮುಂದಿನ ಬಂಪರನ್ನು ಚಿತ್ರಿಸಲು ಕೂಡಲಿ. ಪೆಟ್ಟಿಗೆಯಲ್ಲಿ ಕ್ರೋಮಿನ ಬಣ್ಣದ ಕಡ್ಡಿ ಎಂಬುದು ಇರುವುದಿಲ್ಲ. ಬೂದುಬಣ್ಣದ ಕಡ್ಡಿ ತೆಗೆದುಕೊಂಡು ತಿಕ್ಕಿದರೆ ಬಂಪರು ಸಿಮೆಂಟಿನ ಕಟ್ಟಿಯ ಹಾಗೆ ಮಂಕಾಗಿ ಕೂಡುತ್ತದೆ. ಕ್ರೋಮಿಗೆ ಸ್ವಂತ ಬಣ್ಣವೇ ಇಲ್ಲ. ಸುತ್ತ ಇದ್ದದ್ದೆಲ್ಲ ಅದರ ಬಣ್ಣ. ಬಂಪರಿನ ಮೇಲಿನ ಬಾಗಿನಲ್ಲಿ ಆಕಾಶ ಬಿದ್ದಿರುತ್ತದೆ, ಅಲ್ಲಿ ತೆಳು ನೀಲಿ ಬೇಕು. ಅದರ ಕೆಳಗೆ ನೆಲ-ಮುಗಿಲು ಕೂಡುವಲ್ಲಿ ಕಡುಗಪ್ಪಿನ ಒಂದು ಪಟ್ಟಿ. ಅದರ ಕೆಳಗೆ ಬಿಸಿಲು ಬಿದ್ದ ನೆಲದ ಬಣ್ಣ. ಹೊಳಪು ಹುಟ್ಟುವುದು ಬಿಳಿಯಿಂದಲ್ಲ. ಆ ಕಪ್ಪು ಪಟ್ಟಿಯ ಮಗ್ಗುಲಿಗೆ ಒಂದೇ ಒಂದು ಬಿಳಿ ಗೆರೆ ಹರಿತವಾಗಿ ಬಿದ್ದಾಗ ಹುಟ್ಟುತ್ತದೆ. ಉಳಿದ ಕಡೆ ಬೆರಳಿನಿಂದ ತಿಕ್ಕಿ ಮೆದು ಮಾಡುವ ಪೇಸ್ಟಲ್‌ಗಾರ ಇಲ್ಲಿ ಬೆರಳು ಮುಟ್ಟಿಸುವುದಿಲ್ಲ. ಮುಟ್ಟಿಸಿದನೋ, ಲೋಹ ಹೋಗಿ ರಬ್ಬರು ಆಗುತ್ತದೆ.

ಈಗ ಆ ಬಂಪರು ಎಲ್ಲಿ ನಿಂತಿದೆ ಎಂಬುದನ್ನು ನೋಡಿ. ರಾಜೂರಿನಲ್ಲಿ ನಿಂತ ಕಾರಿನ ಬಂಪರಿನೊಳಗೆ ಮಸಾರಿ ನೆಲದ ಕೆಂಪು ಇರುತ್ತದೆ; ಎದುರಿನ ಬೇವಿನ ಗಿಡದ ಕರಿಹಸಿರು ಇರುತ್ತದೆ; ಮಣ್ಣಿನ ಮಾಳಿಗೆಯ ಗೋಡೆ ಬಾಗಿ ಬಳುಕಿ ನಿಂತಿರುತ್ತದೆ. ಚಕ್ರದ ಉಬ್ಬಿದ ಹಬ್‌ಕ್ಯಾಪಿನ ನಡುವೆ, ಹೆಬ್ಬೆಟ್ಟಿನ ಉಗುರಿನಷ್ಟು ಜಾಗದಲ್ಲಿ, ಚಿತ್ರ ತೆಗೆಯುತ್ತ ಕೂತವನೇ ಇರುತ್ತಾನೆ. ಅದೇ ಕಾರನ್ನು ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ನಿಲ್ಲಿಸಿದರೆ ಬಂಪರಿನ ಬಣ್ಣಗಳೆಲ್ಲ ಬದಲು. ಹಾಗಾದರೆ ಈ ಚಿತ್ರ ಯಾವುದರದು, ಕಾರಿನದೋ ಊರಿನದೋ? ನಕಲು ಎಂದವರು ಕಾರನ್ನು ಮಾತ್ರ ನೋಡಿದರು. ಚಿತ್ರಗಾರ ನೋಡಿದ್ದು ಊರನ್ನು, ಕಾರು ಅದಕ್ಕೆ ಹಿಡಿದ ಕನ್ನಡಿ. ಇಷ್ಟನ್ನು ಕಾಣಲಾಗದ ಕಣ್ಣು ಚಿತ್ರಗಳಿಗೆ ಅಂಕ ಹಾಕುವ ಕುರ್ಚಿಯಲ್ಲಿ ಕೂತಿದ್ದರೆ ದೋಷ ಯಾರದು?

“ಮೊಬೈಲ್‌ನಾಗ ಒಂದು ಫೋಟೋ ಹೊಡದ್ರ ಮುಗೀತಲ್ಲ” ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಮುಗಿಯುವುದಿಲ್ಲ. ಮೊಬೈಲಿನ ಅಗಲ ಲೆನ್ಸು ಹತ್ತಿರದಿಂದ ಕಾರನ್ನು ಹಿಡಿದಾಗ ಮೂತಿ ಉಬ್ಬುತ್ತದೆ, ಹಿಂದಿನ ಚಕ್ರ ಕುಗ್ಗುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಬಾನೆಟ್ಟಿನ ಹೊಳಪು ಸುಟ್ಟು ಬರೀ ಬಿಳಿಯಾಗುತ್ತದೆ, ಕಾರಿನ ಅಡಿಯ ನೆರಳು ಬರೀ ಕಪ್ಪಾಗುತ್ತದೆ. ಕಣ್ಣಿಗೆ ಹಾಗೆ ಕಾಣುವುದಿಲ್ಲ. ಕಾರಿನ ಅಡಿಯ ನೆರಳಿನಲ್ಲಿ ನೆಲದಿಂದ ಪುಟಿದ ಕೆಂಪು ಬೆಳಕಿರುತ್ತದೆ, ಬಾಗಿಲಿನ ಕೆಳ ಅಂಚು ಆ ಕೆಂಪಿನಿಂದ ಬೆಚ್ಚಗಿರುತ್ತದೆ. ಚಿತ್ರಗಾರ ಇದನ್ನು ಹಾಕುತ್ತಾನೆ. ಚಕ್ರವನ್ನು ಓರೆಯಿಂದ ನೋಡಿದಾಗ ಕಾಣುವ ಅಂಡಾಕಾರವನ್ನು ಅಳೆದು, ಎರಡೂ ಚಕ್ರ ಒಂದೇ ನೆಲದ ಮೇಲೆ ನಿಲ್ಲುವಂತೆ ತಿದ್ದುತ್ತಾನೆ. ಯಾವ ಅಂಚು ಹರಿತವಿರಬೇಕು, ಯಾವುದು ನೆರಳಿನಲ್ಲಿ ಕರಗಬೇಕು ಎಂದು ಆರಿಸುತ್ತಾನೆ. ಈ ಆಯ್ಕೆಗಳ ಮೊತ್ತವೇ ಚಿತ್ರ. ಇವತ್ತು ಎರಡು ಸಾಲು ಬರೆದುಕೊಟ್ಟರೆ ಯಂತ್ರವೂ ಕಾರಿನ ಚಿತ್ರ ಮಾಡಿಕೊಡುತ್ತದೆ. ಥಳಥಳ ಹೊಳೆಯುವ ಬಂಪರೂ ಅದರಲ್ಲಿರುತ್ತದೆ. ಆದರೆ ಆ ಬಂಪರಿನಲ್ಲಿ ಬಿದ್ದ ಆಕಾಶ ಯಾವ ಊರಿನದೂ ಅಲ್ಲ. ಕೂತು, ನೋಡಿ, ಕೈಯಿಂದ ತೆಗೆದ ನೈಜ ಚಿತ್ರದ ಬೆಲೆ ಈ ಕಾಲದಲ್ಲಿ ಏರಬೇಕಿತ್ತು. ನಮ್ಮ ಪಂಡಿತರು ಮಾತ್ರ ಹಳೆಯ ತಕ್ಕಡಿಯಲ್ಲೇ ತೂಗುತ್ತಿದ್ದಾರೆ.

ಪೇಸ್ಟಲ್‌ ಮಕ್ಕಳ ಬಣ್ಣ ಎಂಬ ಎರಡನೆಯ ಆರೋಪ ಶುದ್ಧ ಅಜ್ಞಾನ. ಶಾಲೆಯ ಚೀಲದಲ್ಲಿರುವುದು ಆಯಿಲ್‌ ಪೇಸ್ಟಲ್‌. ಎಣ್ಣೆ, ಮೇಣ ಬೆರೆಸಿದ ಈ ಕಡ್ಡಿ 1920ರ ದಶಕದಲ್ಲಿ ಜಪಾನಿನಲ್ಲಿ ಶಾಲಾಮಕ್ಕಳಿಗಾಗಿಯೇ ತಯಾರಾದದ್ದು. ನಾನು ಹೇಳುತ್ತಿರುವುದು ಒಣ ಪೇಸ್ಟಲ್‌, ಸಾಫ್ಟ್‌ ಪೇಸ್ಟಲ್‌ ಎಂದು ಅಂಗಡಿಯಲ್ಲಿ ಕೇಳಬೇಕಾದದ್ದು. ಅದರಲ್ಲಿ ಬಣ್ಣದ ಹುಡಿ, ಸ್ವಲ್ಪ ಸೀಮೆಸುಣ್ಣದ ಹುಡಿ, ಕಡ್ಡಿ ಮುರಿಯದಷ್ಟೇ ಗೋಂದು. ಎಣ್ಣೆ ಇಲ್ಲ, ನೀರಿಲ್ಲ, ಕುಂಚ ಇಲ್ಲ. ಬಣ್ಣದ ಹುಡಿ ನೇರವಾಗಿ ಕಾಗದದ ಒರಟಿಗೆ ಹೋಗಿ ಕೂಡುತ್ತದೆ. ನುಣುಪಾದ ಡ್ರಾಯಿಂಗ್‌ ಹಾಳೆಯಲ್ಲಿ ಇದು ನಿಲ್ಲುವುದಿಲ್ಲ. ಒರಟು ಕಾಗದ ಬೇಕು, ಕೆಲವರು ಬಡಗಿಯ ಉಸುಕಿನ ಕಾಗದದ ಜಾತಿಯದನ್ನೇ ಬಳಸುತ್ತಾರೆ. ಆ ಒರಟು ಒಮ್ಮೆ ತುಂಬಿತೆಂದರೆ ಮುಂದಿನ ಬಣ್ಣ ಜಾರುತ್ತದೆ. ಆದ್ದರಿಂದ ಎಷ್ಟು ಪದರ, ಯಾವುದರ ಮೇಲೆ ಯಾವುದು ಎಂಬ ಲೆಕ್ಕ ಮೊದಲೇ ತಲೆಯಲ್ಲಿರಬೇಕು: ಕಪ್ಪಿನಿಂದ ಬೆಳಕಿನ ಕಡೆಗೆ, ಗಟ್ಟಿ ಕಡ್ಡಿಯಿಂದ ಮೆದು ಕಡ್ಡಿಯ ಕಡೆಗೆ, ಹೊಳಪಿನ ಚುಕ್ಕೆ ಕಟ್ಟಕಡೆಗೆ. ತಪ್ಪಿದರೆ ಎಣ್ಣೆಬಣ್ಣದಲ್ಲಿ ಕೆರೆದು ಬಳಿದಂತೆ ಮತ್ತೆ ಮತ್ತೆ ಬಳಿಯಲಾಗದು. ಇದು ಮಕ್ಕಳ ಬಣ್ಣವಾದರೆ ಆ ಮಕ್ಕಳಿಗೆ ಕೈ ಮುಗಿಯಬೇಕು.

ಇತಿಹಾಸವನ್ನೂ ಕೇಳಿ. ವೆನಿಸ್‌ನ ರೊಸಾಲ್ಬಾ ಕರಿಯೆರಾ ಎಂಬಾಕೆ 18ನೇ ಶತಮಾನದ ಮೊದಲ ಭಾಗದಲ್ಲಿ ಯುರೋಪಿನ ಅರಮನೆಗಳ ಮುಖಗಳನ್ನೆಲ್ಲ ಪೇಸ್ಟಲ್‌ನಲ್ಲಿ ಚಿತ್ರಿಸಿದಳು. ಲಿಯೊಟಾರ್‌ 1744ರ ಆಸುಪಾಸಿನಲ್ಲಿ ತೆಗೆದ, ಚಾಕಲೇಟು ಪಾನೀಯ ತರುವ ಹುಡುಗಿಯ ಚಿತ್ರ ಡ್ರೆಸ್ಡನ್ನಿನಲ್ಲಿ ಇಂದಿಗೂ ಇದೆ. ಆಕೆಯ ತಟ್ಟೆಯಲ್ಲಿಯ ಗಾಜಿನ ಲೋಟದ ನೀರು ಇಂದಿಗೂ ತಿಳಿಯಾಗಿದೆ. ಎಣ್ಣೆಬಣ್ಣದಲ್ಲಿ ಜೀವ ತೇದ ಶಾರ್ದಾಂ ಮುಪ್ಪಿನಲ್ಲಿ ಕಣ್ಣಿನ ತೊಂದರೆ ಬಂದಾಗ 1770ರ ದಶಕದಲ್ಲಿ ಪೇಸ್ಟಲ್‌ ಹಿಡಿದ. ಆಗ ತೆಗೆದುಕೊಂಡ ಸ್ವಂತ ಮುಖದ ಚಿತ್ರಗಳು ಲೂವ್ರ್‌ನಲ್ಲಿವೆ. ದೆಗಾನ ನರ್ತಕಿಯರನ್ನಂತೂ ಹೇಳುವುದೇ ಬೇಡ. ಹಳದಿಗೆ ತಿರುಗುವ ಎಣ್ಣೆಯಾಗಲಿ ವಾರ್ನಿಷಾಗಲಿ ಇಲ್ಲದ್ದರಿಂದ ಇವುಗಳ ಬಣ್ಣ ಮಾಸಿಲ್ಲ. ಕೇಳುವುದು ಎರಡೇ: ಗಾಜಿನ ರಕ್ಷಣೆ, ಮತ್ತು ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು. “ಕೈ ತಾಗಿದರ ಹೋಗತೈತಿ, ಇದೆಂಥಾ ಚಿತ್ರ” ಎಂದು ಮೂಗು ಮುರಿಯುವವರಿಗೆ ಈ ಮುನ್ನೂರು ವರ್ಷದ ಸಾಕ್ಷಿ ಸಾಲದೇ? ಕೈ ತಾಗಿಸಿದರೆ ಯಾವ ಚಿತ್ರ ಉಳಿದೀತು?

ಹಳೆಯ ಕಾರಿಗೂ ಈ ಬಣ್ಣಕ್ಕೂ ಇರುವ ನಂಟು ಇನ್ನೂ ಗಟ್ಟಿಯದು. ಹೊಸ ಕಾರನ್ನು ಎಣ್ಣೆಬಣ್ಣದಲ್ಲಿ ಬರೆಯಿರಿ, ನನ್ನ ತಕರಾರಿಲ್ಲ. ಆದರೆ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಮೈ ಹೊಳೆಯುವುದಿಲ್ಲ. ಬಣ್ಣದ ಮೇಲ್ಪದರ ಸತ್ತು ಹುಡಿಯಾಗಿರುತ್ತದೆ, ಬೆರಳು ಆಡಿಸಿದರೆ ಬಿಳಿ ಅಂಟುತ್ತದೆ. ಆ ಹುಡಿ ಮೈಯನ್ನು ಹುಡಿಬಣ್ಣವಲ್ಲದೆ ಇನ್ನಾವುದು ಹಿಡಿದೀತು? ಬಾಗಿಲಿನ ಕೆಳಗೆ, ಮಡ್‌ಗಾರ್ಡಿನ ಅಂಚಿಗೆ ಹಿಡಿದ ತುಕ್ಕು ಕಬ್ಬಿಣದ ಆಕ್ಸೈಡ್‌. ಆ ತುಕ್ಕನ್ನು ಬರೆಯಲು ಎತ್ತಿಕೊಳ್ಳುವ ಕೆಂಗಂದು ಕಡ್ಡಿಯ ಬಣ್ಣವೂ ಕಬ್ಬಿಣದ ಆಕ್ಸೈಡ್‌. ಕಾರು ನಿಂತ ಮಸಾರಿ ಮಣ್ಣನ್ನು ಕೆಂಪಾಗಿಸಿದ್ದೂ ಅದೇ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಉಸುಕು ತಳಕ್ಕೆ ಇಳಿದ ಮೇಲೆ ಮೇಲಿನ ಕೆನ್ನೀರನ್ನು ಬಸಿದು ಒಣಗಿಸಿ, ಸೀಮೆಸುಣ್ಣದ ಹುಡಿ ಮತ್ತು ತೆಳು ಗೋಂದಿನ ನೀರು ಸೇರಿಸಿ, ಕಡ್ಡಿಯಾಗಿ ಹೊಸೆದು ನೆರಳಿನಲ್ಲಿ ಆರಿಸಿದರೆ ಪೇಸ್ಟಲ್‌ ಆಯಿತು. ಪೆಟ್ಟಿಗೆ ತುಟ್ಟಿ ಎಂದು ಕೈಚೆಲ್ಲುವ ಮೊದಲು ನಮ್ಮ ಚಿತ್ರಕಲಾ ಶಿಕ್ಷಕರು ಇದನ್ನಾದರೂ ಮಕ್ಕಳಿಗೆ ಮಾಡಿ ತೋರಿಸಬಹುದಿತ್ತು.

ಇನ್ನು ಮೂರನೆಯ ಆರೋಪ, ಎಲ್ಲಕ್ಕಿಂತ ಕೆಟ್ಟದ್ದು: ಕಾರು ನಿನ್ನ ವಿಷಯವಲ್ಲ. ಯಾರು ಹೇಳಿದರು? 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರು ಹುಟ್ಟಿನಿಂದ ಇಂಗ್ಲೆಂಡಿನ ಮಾರಿಸ್‌ ಆಕ್ಸ್‌ಫರ್ಡ್‌ ಇರಬಹುದು. ಬಾಳಿದ್ದು ಮಾತ್ರ ನಮ್ಮ ಓಣಿಗಳಲ್ಲಿ. ಮೊದಲು ಅದು ಸಾಹೇಬರ ಗೂಟದ ಕಾರು. ಆಮೇಲೆ ಕೈಯಿಂದ ಕೈಗೆ ದಾಟುತ್ತ ದಾಟುತ್ತ ಹಳ್ಳಿಯ ಬಾಡಿಗೆ ಕಾರು. ಪೆಟ್ರೋಲು ಭರಿಸಲಾಗದೆ ಎಷ್ಟೋ ಅಂಬಾಸಡರುಗಳಿಗೆ ಮೆಟಡಾರಿನ ಡೀಸೆಲ್‌ ಇಂಜಿನ್ನು ಕೂಡಿಸಲಾಯಿತು. ಹೆರಿಗೆಗೆ ಗದಗಕ್ಕೆ ಹೋದದ್ದು, ಲಗ್ನದ ದಿಬ್ಬಣ ಬಂದದ್ದು, ಚುನಾವಣೆಯಲ್ಲಿ ತಲೆಯ ಮೇಲೆ ಮೈಕು ಕಟ್ಟಿಕೊಂಡು ಸುತ್ತಿದ್ದು, ಕಾಲಕಾಲೇಶ್ವರನ ಜಾತ್ರೆಗೆ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋದದ್ದು ಇದರಲ್ಲೇ. ಗೇರು ಸ್ಟೇರಿಂಗಿನ ಮಗ್ಗುಲಿಗೆ ಇದ್ದದ್ದರಿಂದ ಮುಂದಿನ ಸೀಟು ಒಂದೇ ಅಖಂಡ ಹಾಸು. ಡ್ರೈವರನ ಸಂಗಡ ಎಷ್ಟು ಮಂದಿ ಕೂತರು ಎಂಬ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. 1964ರಲ್ಲಿ ಫಿಯಟ್‌ 1100 ಆಗಿ ಬಂದು ಮುಂದೆ ಪ್ರೀಮಿಯರ್‌ ಪದ್ಮಿನಿ ಎಂದು ಹೆಸರು ಬದಲಿಸಿದ ಕಾರೂ ಹೀಗೆಯೇ ಡಾಕ್ಟರರ ಮನೆಯಿಂದ ಹೊರಟು ಗ್ಯಾರೇಜಿನ ಹಿತ್ತಿಲು ಮುಟ್ಟಿತು. ಇಷ್ಟು ಬದುಕು ಹೊತ್ತ ವಸ್ತು ಹಳ್ಳಿಯದಲ್ಲವೆಂದರೆ ಹಳ್ಳಿಯದು ಯಾವುದು?

ಅವರ ಮನಸ್ಸಿನಲ್ಲಿರುವ ಹಳ್ಳಿ ಬೇರೆ. ಅಲ್ಲಿ ಎತ್ತಿನ ಬಂಡಿ ಇರಬೇಕು, ಕೊಡ ಹೊತ್ತ ಹೆಂಗಸಿರಬೇಕು, ಕನ್ನಡಿ ಹೊಲಿದ ಲಂಬಾಣಿ ಉಡುಪಿರಬೇಕು, ಗುಡಿಸಲ ಹಿಂದೆ ಸೂರ್ಯ ಮುಳುಗಬೇಕು. ಎತ್ತನ್ನೂ ಕೊಡವನ್ನೂ ನಾನು ಹಳಿಯುತ್ತಿಲ್ಲ. ನೋಡಿ ಬರೆದರೆ ಅವೂ ಘನವಾದ ವಿಷಯಗಳೇ. ಆದರೆ ಇವತ್ತು ಅವನ್ನು ಬರೆಯುವ ಹುಡುಗರಲ್ಲಿ ಬಹಳ ಮಂದಿ ಎತ್ತನ್ನು ನೋಡಿ ಬರೆಯುತ್ತಿಲ್ಲ, ಬಹುಮಾನ ಬಂದ ಹಿಂದಿನ ಚಿತ್ರ ನೋಡಿ ಬರೆಯುತ್ತಿದ್ದಾರೆ. ಬಂಡಿ ಹೋಗಿ ಟ್ರ್ಯಾಕ್ಟರು ಬಂದಿದೆ, ಕೊಡ ಪ್ಲಾಸ್ಟಿಕ್ಕಿನದಾಗಿದೆ, ಚಿತ್ರದಲ್ಲಿ ಮಾತ್ರ ಎಲ್ಲವೂ ಮೊದಲಿನಂತೆಯೇ ಇವೆ. ಇದನ್ನು ಯಾರೂ ನಕಲು ಎನ್ನುವುದಿಲ್ಲ, “ಸೊಗಡು” ಎನ್ನುತ್ತಾರೆ. ಕಣ್ಣೆದುರು ನಿಂತ ಕಾರನ್ನು ಬಿಸಿಲಿನಲ್ಲಿ ಕೂತು ಬರೆದವನು ನಕಲುಗಾರ, ಕಾಣದ ಬಂಡಿಯನ್ನು ಇನ್ನೊಬ್ಬರ ಚಿತ್ರದಿಂದ ಎತ್ತಿಕೊಂಡವನು ಮಣ್ಣಿನ ಮಗ! ಪೇಟೆಯವರು ಡ್ರಾಯಿಂಗ್‌ ರೂಮಿಗೆ ಒಪ್ಪುವ ಹಳ್ಳಿಯನ್ನು ಹಳ್ಳಿಯವರೇ ತಯಾರಿಸಿ ಕೊಡಬೇಕೆಂಬ ಈ ಬೇಡಿಕೆಗೆ ಕಲಾಪ್ರೀತಿ ಎಂಬ ಹೆಸರು ಸಲ್ಲದು.

ವಾಹನವನ್ನು ಇದ್ದಂತೆ ಕಂಡರಿಸುವುದು ನಮಗೆ ಹೊಸದೂ ಅಲ್ಲ. ಹಂಪಿಯ ವಿಠ್ಠಲ ಗುಡಿಯ ಅಂಗಳದ ಕಲ್ಲಿನ ರಥ ಕಟ್ಟಿಗೆಯ ತೇರಿನ ರೂಪವನ್ನು ಕಲ್ಲಿನಲ್ಲಿ ತಂದದ್ದಲ್ಲವೇ? ಗಾಲಿ, ಅಚ್ಚು, ಗಾಲಿಯ ಮೇಲಿನ ಬಳ್ಳಿಯ ಕೆತ್ತನೆ ಒಂದನ್ನೂ ಶಿಲ್ಪಿ ಬಿಟ್ಟಿಲ್ಲ. “ತೇರು ಇರುವಾಗ ಕಲ್ಲಿನಲ್ಲಿ ನಕಲು ಯಾಕೆ” ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಇವತ್ತು ಐವತ್ತು ರೂಪಾಯಿ ನೋಟಿನ ಹಿಂಬದಿಗೆ ಬೇರೆ ಚಿತ್ರ ಹುಡುಕಬೇಕಾಗುತ್ತಿತ್ತು. ತಮ್ಮ ಕಾಲದ ಬೀದಿಗಳಲ್ಲಿ ಯಾವುದು ಸಾಗಿತೋ ಅದನ್ನು ಕೆತ್ತಿದವರ ನಾಡಿದು. ನಮ್ಮ ಕಾಲದ ಜನ ಅಂಬಾಸಡರಿನಲ್ಲಿ ಸಾಗಿದರು.

ನಾಲ್ಕನೆಯ ಆರೋಪ ಸ್ವಲ್ಪ ಗೌರವದ ಉತ್ತರ ಕೇಳುತ್ತದೆ. ನೈಜ ಶೈಲಿ ಈ ಭಾಗಕ್ಕೆ ಬಂದದ್ದು ಮುಂಬಯಿಯ ದಾರಿಯಿಂದ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದೆವು. ಚಿತ್ರ ಕಲಿಯುವವರಿಗೆ ಜೆ.ಜೆ. ಸ್ಕೂಲ್‌ ಆಫ್‌ ಆರ್ಟೇ ಕಾಶಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಚಿತ್ರಶಾಲೆ ನಡೆಸಿದರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಕಲಬುರ್ಗಿಯ ಎಸ್‌.ಎಂ. ಪಂಡಿತರ ಕೈಯಿಂದ ಹೊರಟ ಸಿನಿಮಾ ಪ್ರಚಾರ ಚಿತ್ರಗಳೂ ಪುರಾಣದ ಕ್ಯಾಲೆಂಡರುಗಳೂ ದೇಶವೆಲ್ಲ ಹಬ್ಬಿದವು. ಹೀಗೆ ಹಬ್ಬಿದ್ದು ಒಂದು ಹಂತದಲ್ಲಿ ಹಳಸಿದ್ದೂ ನಿಜ. ಒಂದೇ ನಗೆಯ ದೇವತೆಗಳು, ಒಂದೇ ಜಲಪಾತಗಳು. ಅದಕ್ಕೆ ಬೇಸತ್ತು ನವ್ಯರು ಬಂಡೆದ್ದರು. ನಮ್ಮ ಪಕ್ಕದ ಬಾದಾಮಿಯಿಂದ ಹೋಗಿ ಬೆಂಗಳೂರಿನಲ್ಲಿ ಕೆನ್‌ ಕಲಾಶಾಲೆ ಕಟ್ಟಿದ ಆರ್‌.ಎಂ. ಹಡಪದರಂಥವರು ಹುಡುಗರಿಗೆ ಹೊಸ ದಾರಿ ತೋರಿಸಿದರು. ಆ ಬಂಡಾಯ ಬೇಕಾಗಿತ್ತು, ಅದರ ಋಣ ನಮ್ಮ ಮೇಲಿದೆ. ಆದರೆ ಹಿರಿಯರು ಹಳಸಿದ ಅಭ್ಯಾಸವನ್ನು ಬೈದರು. ಅವರ ಹೆಸರು ಹೇಳಿಕೊಂಡು ಬಂದವರು ಕಣ್ಣಿನಿಂದ ನೋಡುವುದನ್ನೇ ಬೈಯತೊಡಗಿದರು. ಇವತ್ತು ಎರಡು ಬಣ್ಣ ಎರಚಿ ಕೆಳಗೆ “ಅಂತರಂಗ” ಎಂದು ಬರೆಯುವುದೂ ಕ್ಯಾಲೆಂಡರಿನಷ್ಟೇ ಹಳಸಿದೆ. ಅದನ್ನು ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಹೊರಗಿನ ಜಗತ್ತು ಈ ಜಗಳವನ್ನು ಎಂದೋ ದಾಟಿತು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ, ಅಮೂರ್ತ ಕಲೆ ಮೆರೆದ ನೆಲದಲ್ಲೇ, ಒಂದು ಗುಂಪು ಮತ್ತೆ ಹುಬೇಹೂಬು ಚಿತ್ರಕ್ಕೆ ಇಳಿಯಿತು. ಅವರ ಮೆಚ್ಚಿನ ವಿಷಯಗಳಲ್ಲಿ ಕಾರೂ ಒಂದು. ರಾಬರ್ಟ್‌ ಬೆಕ್ಟಲ್‌ 1968–69ರಲ್ಲಿ ತನ್ನ ಹೆಂಡತಿ ಮಕ್ಕಳನ್ನು ಮನೆಯ 1961ರ ಪಾಂಟಿಯಾಕ್‌ ಕಾರಿನ ಮುಂದೆ ನಿಲ್ಲಿಸಿ ಚಿತ್ರಿಸಿದ. ಆ ಚಿತ್ರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿದೆ. ರಾಲ್ಫ್‌ ಗೋಯಿಂಗ್ಸ್‌ ಪಿಕಪ್‌ ಗಾಡಿಗಳನ್ನು, ಡಾನ್‌ ಎಡ್ಡಿ ಕಾರಿನ ಹೊಳೆಯುವ ಬಂಪರುಗಳನ್ನು, ಜಾನ್‌ ಸಾಲ್ಟ್‌ ಗುಜರಿ ಸೇರಿದ ಕಾರುಗಳನ್ನು ಬರೆದರು. ಬೆಕ್ಟಲ್‌ ಬರೆದದ್ದು ರಾಜರ ಕಾರನ್ನಲ್ಲ, ತನ್ನ ಮನೆಯ ಸಾದಾ ಕಾರನ್ನು. ಹೊರಗಿನವರು ಒಪ್ಪಿದ್ದಾರೆಂದು ನಾವೂ ಒಪ್ಪಬೇಕಿಲ್ಲ. ಆದರೆ “ಹೊರಗ ಇದನ್ನೆಲ್ಲ ಯಾರು ಕೇಳತಾರ” ಎಂದು ಹುಡುಗರ ಬಾಯಿ ಮುಚ್ಚಿಸುವವರು ಹೊರಗೆ ಏನಾಗಿದೆ ಎಂಬುದನ್ನಾದರೂ ತಿಳಿದಿರಬೇಕು.

ಎದುರಾಳಿಗಳ ಒಂದು ಮಾತು ಮಾತ್ರ ನಿಜ, ಅದನ್ನು ಮುಚ್ಚಿಡುವುದಿಲ್ಲ. ಕಾರಿನ ಚಿತ್ರ ತೆಗೆಯುವವರಲ್ಲಿ ಬಹಳ ಮಂದಿ ಎಂದೂ ನೋಡದ ಕಾರನ್ನು ಬರೆಯುತ್ತಾರೆ. ಕೆಂಪು ಫೆರಾರಿ, ರೆಕ್ಕೆ ಚಾಚಿದ ಕ್ಯಾಡಿಲಾಕ್‌, ಹಿಂದೆ ಪರದೇಶದ ತಾಳೆಮರ. ಮೊಬೈಲಿನಲ್ಲಿ ಸಿಕ್ಕ ಫೋಟೋದ ಮೇಲೆ ಚೌಕಳಿ ಎಳೆದು, ಚೌಕಕ್ಕೆ ಚೌಕ ತುಂಬಿ, ಕೊನೆಗೆ ಫೋಟೋವನ್ನೂ ಚಿತ್ರವನ್ನೂ ಪಕ್ಕಪಕ್ಕ ಹಿಡಿದು ಗುರುತು ಹಿಡಿಯಿರಿ ಎನ್ನುತ್ತಾರೆ. ಇದು ನಕಲೇ, ಸಂಶಯವಿಲ್ಲ. ಚೌಕಳಿ ಎಳೆದದ್ದು ತಪ್ಪಲ್ಲ. ಅಳತೆ ಹಿಡಿಯಲು ದೊಡ್ಡ ದೊಡ್ಡವರೂ ಅದನ್ನು ಬಳಸಿದ್ದಾರೆ. ತಪ್ಪಿರುವುದು ನೋಡದೆ ಬರೆದದ್ದರಲ್ಲಿ. ಆ ಕಾರಿನ ಬಾಗಿಲು ಮುಚ್ಚಿದಾಗ ಎಂಥ ಸದ್ದು ಬರುತ್ತದೆ, ತಗಡು ಎಷ್ಟು ದಪ್ಪ, ಟಿಂಕರಿಂಗ್‌ನವನು ಎಲ್ಲಿ ಪುಟ್ಟಿ ಮೆತ್ತಿದ್ದಾನೆ, ಯಾವ ಹೆಡ್‌ಲೈಟು ಆಮೇಲೆ ಕೂಡಿಸಿದ್ದು ಎಂಬುದು ತಿಳಿಯದಿದ್ದರೆ ಚಿತ್ರದಲ್ಲಿ ತೂಕ ಬರುವುದಿಲ್ಲ. ಅಂಬಾಸಡರು ಮಾರ್ಕ್‌ 2, ಮಾರ್ಕ್‌ 3, ಮಾರ್ಕ್‌ 4 ಎಂದು ಬದಲಾದಂತೆ ಮುಂದಿನ ಜಾಳಿಗೆಯ ವಿನ್ಯಾಸವೂ ಬದಲಾಯಿತು. ಇದನ್ನು ಬಲ್ಲವನು ಜಾಳಿಗೆ ಬರೆಯುವ ರೀತಿಯೇ ಬೇರೆ. ಹೀಗೆ ಬಲ್ಲವರು ಹಳ್ಳಿಯಲ್ಲಿದ್ದಾರೆ, ಗ್ಯಾರೇಜುಗಳಲ್ಲಿದ್ದಾರೆ. ತೀರ್ಪುಗಾರರು ಖಂಡಿಸಬೇಕಾದದ್ದು ನೋಡದ ಕಾರಿನ ಚಿತ್ರವನ್ನು, ಕಾರಿನ ಚಿತ್ರವನ್ನಲ್ಲ. ಈ ಎರಡರ ನಡುವಿನ ಗೆರೆಯನ್ನು ಗುರುತಿಸುವುದೇ ಅವರ ಕೆಲಸ, ಆ ಕೆಲಸವನ್ನೇ ಅವರು ಮಾಡುತ್ತಿಲ್ಲ.

ತಡ ಮಾಡಲು ವೇಳೆಯೂ ಇಲ್ಲ. ಹಳೆಯ ಕಾರು ಉಳಿಸುವ ವ್ಯವಸ್ಥೆ ದೇಶದಲ್ಲಿ ಇಲ್ಲವೆಂದಲ್ಲ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ, 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್‌ ಎಂದು ಬೇರೆ ನೋಂದಣಿ ಸಿಗುತ್ತದೆ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ದಲ್ಲಿ ಹಳೆಯ ಕಾರುಗಳನ್ನು ಮೆಚ್ಚುವಂತೆ ಕಾಯ್ದಿಟ್ಟಿದ್ದಾರೆ. ಆದರೆ ಮೆಟಡಾರಿನ ಇಂಜಿನ್ನು ಹೊತ್ತ, ಮೂರು ಸಲ ಬಣ್ಣ ಬದಲಿಸಿದ ಹಳ್ಳಿಯ ಅಂಬಾಸಡರಿಗೆ ಮೂಲ ರೂಪ ಎಲ್ಲಿಂದ ಬರಬೇಕು? ಕಾನೂನಿನ ಕಣ್ಣಿಗೆ ಅದು ಪರಂಪರೆ ಅಲ್ಲ, ಸಂಗ್ರಹಾಲಯದ ಕಣ್ಣಿಗೆ ಅಪರೂಪವಲ್ಲ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ 1ರಿಂದ ರದ್ದು ಮಾಡಲಾಗಿದೆ. ಕಚೇರಿಗಳ ಹಿಂದೆ ನಿಂತಿದ್ದ ಹಳೆಯ ಜೀಪು, ಅಂಬಾಸಡರುಗಳು ಗುಜರಿಯ ದಾರಿ ಹಿಡಿದಿವೆ. ಅದೇ ವರ್ಷ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳೂ ಮರೆಯಾದವು. ರಾಜರ ಕಾರುಗಳಿಗೆ ಕಾಯುವವರಿದ್ದಾರೆ. ಬಾಡಿಗೆ ಕಾರಿಗೆ ಯಾರಿದ್ದಾರೆ? ಅದರ ಮೈ, ಅದರ ತುಕ್ಕು, ಅದರ ಬಂಪರಿನಲ್ಲಿ ಬಿದ್ದ ಓಣಿ, ಇವನ್ನು ಉಳಿಸಬಲ್ಲವನು ನೋಡಿ ಬರೆಯುವ ಚಿತ್ರಗಾರ. ಅವನ ಕೈಯನ್ನೇ ನಾವು ಹಿಡಿದು ನಿಲ್ಲಿಸಿದ್ದೇವೆ.

ಆದ್ದರಿಂದ ತೀರ್ಪುಗಾರರಲ್ಲಿ ನನ್ನ ಒತ್ತಾಯ ಇಷ್ಟು. ಕಾರಿನ ಚಿತ್ರ ಮುಂದೆ ಬಂದಾಗ ವಿಷಯ ನೋಡಿ ಬದಿಗಿಡಬೇಡಿ. ಈ ಕಾರನ್ನು ಎಲ್ಲಿ ನೋಡಿದಿ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಬಂಪರಿನಲ್ಲಿ ಕಾಣುವುದು ಏನು ಎಂದು ಹುಡುಗನನ್ನು ಕೇಳಿ. ಉತ್ತರ ಬಂದರೆ ಅಂಕ ಕೊಡಿ, ಬಾರದಿದ್ದರೆ ಕಳೆಯಿರಿ. ಚಿತ್ರಕಲಾ ಶಿಕ್ಷಕರು ವಸ್ತುಚಿತ್ರಕ್ಕೆ ತಂಬಿಗೆ, ಬಾಳೆಹಣ್ಣು ಇಡುವುದರ ಜೊತೆಗೆ ವರ್ಷಕ್ಕೆ ಒಮ್ಮೆಯಾದರೂ ಮಕ್ಕಳನ್ನು ಊರಿನ ಗ್ಯಾರೇಜಿನ ಎದುರು ಕೂಡಿಸಲಿ. ಚಿತ್ರ ತೆಗೆಯುವ ಹುಡುಗ ಹುಡುಗಿಯರಿಗೂ ಒಂದು ಮಾತು: ಫೆರಾರಿ ಬಿಡಿ, ನಿಮ್ಮ ಓಣಿಯ ಕಾರಿನ ಎದುರು ಕೂಡಿರಿ. ನಿಮ್ಮ ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಅಂಥ ಕಾರೊಂದು ನಿಂತಿದ್ದರೆ, ಓದುಗರೇ, ಗುಜರಿಯವನಿಗೆ ಫೋನು ಮಾಡುವ ಮೊದಲು ಊರಿನ ಚಿತ್ರಗಾರನಿಗೆ ಮಾಡಿ. ಗುಜರಿಯವನು ತೂಕಕ್ಕೆ ರೊಕ್ಕ ಕೊಟ್ಟು ಹೋಗುತ್ತಾನೆ. ಆಮೇಲೆ ಬರೆಯಲು ಏನೂ ಉಳಿದಿರುವುದಿಲ್ಲ.